ಹಂಗಳದ ಹೊಲಗಳು: ಇದ್ದಿಲು ಮತ್ತು ಸಾರಜನಕದ ಚರಿತ್ರೆ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಉದಕಮಂಡಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ ಸಿಕ್ಕುವ ಹೋಬಳಿಯ ಊರೇ ಹಂಗಳ. ಇಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಯಾತ್ರಿಕರ ದೃಷ್ಟಿಯೆಲ್ಲ ಬೆಟ್ಟದ ಮೇಲಿರುವುದು. ಮಳೆಗಾಲದಲ್ಲಿ ಬರುವ ಪ್ರವಾಸಿಗಳ ದೃಷ್ಟಿ ರಸ್ತೆಯ ಇಕ್ಕೆಲಗಳಲ್ಲಿ ಅರಳಿ ನಿಂತ ಚೆಂಡುಹೂವು ಸೂರ್ಯಕಾಂತಿಗಳ ಮೇಲಿರುವುದು. ಹೂವಿನ ಬುಡದ ಮಣ್ಣನ್ನು ಕುರಿತು ಯೋಚಿಸುವವರು ವಿರಳ. ಆದರೆ ಆ ಮಣ್ಣಿಗೂ ಒಂದು ಚರಿತ್ರೆಯುಂಟು. ಅದು ರಾಜರ ದಂಡಯಾತ್ರೆಗಳ ಚರಿತ್ರೆಯಲ್ಲ. ಮಣ್ಣಿನಿಂದ ಏನೇನು ಹೊರಕ್ಕೆ ಹೋಯಿತು, ಅದಕ್ಕೆ ಪ್ರತಿಯಾಗಿ ಏನೇನು ಒಳಕ್ಕೆ ಬಂದಿತು ಎಂಬ ಜಮಾಖರ್ಚಿನ ಚರಿತ್ರೆ. ಇದನ್ನು ಹೇಳಹೊರಟರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾವೇರೀತೀರದ ಬೆಳಗೊಳ, ತಿರುವಾಂಕೂರಿನ ಆಲುವಾ, ಕೊನೆಗೆ ದೂರದ ಬ್ರೆಜಿಲ್ ದೇಶ ಇವೆಲ್ಲ ಪ್ರಸಂಗದಲ್ಲಿ ಬಂದೇ ಬರುತ್ತವೆ.

ಮೊದಲು ಮಣ್ಣಿನ ಮಾತು. ಗುಂಡ್ಲುಪೇಟೆಯ ಸೀಮೆಯಲ್ಲಿ ಕೆಂಪು ಮಣ್ಣೂ ಉಂಟು, ತಗ್ಗುಗಳಲ್ಲಿ ಎರೆ ಮಣ್ಣೂ ಉಂಟು. ಪಶ್ಚಿಮದ ಬೆಟ್ಟಗಳು ಮುಂಗಾರಿನ ಬಹುಭಾಗವನ್ನು ತಡೆದುಬಿಡುವುದರಿಂದ ಇದು ಮಳೆಯ ಮರೆಯ ನಾಡು. ಮಳೆ ಕಡಮೆ, ಬಂದಾಗ ಒಂದೇ ಪೆಟ್ಟಿಗೆ ಸುರಿದುಹೋಗುವುದೂ ಉಂಟು. ಎರೆಯು ನೀರನ್ನೂ ಸಾರವನ್ನೂ ಹಿಡಿದಿಟ್ಟುಕೊಳ್ಳಬಲ್ಲುದು. ಹಗುರವಾದ ಕೆಂಪು ಮಣ್ಣು ಹಾಗಲ್ಲ. ಅದು ತೂತಿನ ಮಡಕೆಯಂತೆ. ಹಾಕಿದ ಸಾರವನ್ನು ಅದರಲ್ಲಿ ನಿಲ್ಲಿಸುವ ವಸ್ತುಗಳಲ್ಲಿ ಮುಖ್ಯವಾದುದು ಕೊಳೆತ ಸೊಪ್ಪು, ಬೇರು, ಗೊಬ್ಬರಗಳಿಂದುಂಟಾದ ಕಪ್ಪು ಅಂಶ, ಎಂದರೆ ಇಂಗಾಲ. ನಮ್ಮ ಉಷ್ಣದೇಶದಲ್ಲಿ ಈ ಇಂಗಾಲವು ಬಿಸಿಲಿಗೂ ಉಳುಮೆಗೂ ಸಿಕ್ಕಿ ಬೇಗನೆ ಕರಗಿಹೋಗುವುದರಿಂದ ಅದನ್ನು ವರ್ಷವರ್ಷವೂ ತುಂಬಿಕೊಡುತ್ತಿರಬೇಕಾಗುತ್ತದೆ.

ಹಳೆಯ ಕಾಲದ ಒಕ್ಕಲು ಅದನ್ನು ಹೇಗೆ ತುಂಬುತ್ತಿದ್ದನು? ಹಂಗಳದಂತಹ ಕಾಡಂಚಿನ ಊರುಗಳಲ್ಲಿ ಇದರ ಉತ್ತರ ಸ್ಪಷ್ಟವಾಗಿದೆ. ದನಗಳು ಬೆಳಗ್ಗೆ ಕಾಡಿಗೆ ಹೋಗಿ ಮೇಯುತ್ತಿದ್ದವು; ಸಂಜೆ ಊರಿಗೆ ಮರಳಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿದ್ದವು. ಕಾಡಿನ ಹುಲ್ಲು ಹೀಗೆ ತಿಪ್ಪೆಯ ಗೊಬ್ಬರವಾಗಿ, ಬೇಸಗೆಯಲ್ಲಿ ಗಾಡಿಯ ಮೇಲೆ ಹೊಲಕ್ಕೆ ಹೋಗುತ್ತಿತ್ತು. ಕಾಡಿಗೂ ಹೊಲಕ್ಕೂ ನಡುವೆ ಸಾರವನ್ನು ಸಾಗಿಸುತ್ತಿದ್ದ ವಾಹನವು ದನವೇ. ಇದರೊಂದಿಗೆ ಹೊಲದಲ್ಲಿ ಕುರಿಯ ಮಂದೆಯನ್ನು ತರುಬುವುದು, ಕೆರೆಯ ಗೋಡನ್ನು ತಂದು ಹರಡುವುದು, ಹೊಂಗೆಯ ಸೊಪ್ಪನ್ನು ತುಳಿಯುವುದು, ರಾಗಿ ಜೋಳಗಳೊಂದಿಗೆ ಅವರೆ ಹುರುಳಿಗಳನ್ನು ಬೆಳೆಯುವುದು ಮುಂತಾದವು ಇದ್ದವು. ಅವರೆ ಹುರುಳಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ ಎಂಬ ಶಾಸ್ತ್ರವನ್ನು ಒಕ್ಕಲು ಅರಿಯನು. ಫಲವನ್ನು ಮಾತ್ರ ಚೆನ್ನಾಗಿ ಅರಿತಿದ್ದನು. ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಕೊಟ್ಟಿಗೆಯ ಗೊಬ್ಬರದಲ್ಲಿ ಸಾರಜನಕವು ಎಂದಿಗೂ ಒಂಟಿಯಾಗಿ ಬರಲಿಲ್ಲ. ಇಂಗಾಲವನ್ನು ಜೊತೆಗೆ ಕರೆದುಕೊಂಡೇ ಬಂದಿತು.

ಈ ಜೊತೆಯ ಮಹತ್ವವನ್ನು ಗುರುತಿಸಿದವರಲ್ಲಿ ಆಂಗ್ಲ ರಸಾಯನಶಾಸ್ತ್ರಜ್ಞ ಡಾಕ್ಟರ್ ವೋಲ್ಕರ್ ಒಬ್ಬರು. 1889ರಲ್ಲಿ ಇಂಡಿಯಾಕ್ಕೆ ಬಂದು, ಇಲ್ಲಿನ ಬೇಸಾಯವನ್ನು ಪರೀಕ್ಷಿಸಿ, 1893ರಲ್ಲಿ ಅವರು ಪ್ರಕಟಿಸಿದ ವರದಿಯು ಇಂದಿಗೂ ಓದತಕ್ಕ ಗ್ರಂಥ. ಇಂಡಿಯಾದ ರೈತನಿಗೆ ಬೇಸಾಯ ತಿಳಿಯದೆಂಬ ಮಾತನ್ನು ಅವರು ಒಪ್ಪಲಿಲ್ಲ. ಸೌದೆಯಿಲ್ಲದ ಕಡೆಗಳಲ್ಲಿ ಸಗಣಿಯು ಬೆರಣಿಯಾಗಿ ಒಲೆಗೆ ಹೋಗುತ್ತಿದೆ; ಸೌದೆಗೂ ಮೇವಿಗೂ ಬೇರೆ ಕಾಡುಗಳನ್ನು ಬೆಳೆಸಿಕೊಟ್ಟರೆ ಸಗಣಿಯು ಹೊಲಕ್ಕೆ ಮರಳುವುದು ಎಂದು ಅವರು ವಾದಿಸಿದರು. ಹೊಲದ ಫಲವತ್ತತೆಯ ಪ್ರಶ್ನೆಯು ಕೊನೆಗೆ ಸೌದೆಯ ಪ್ರಶ್ನೆಯಾಗಿ ಪರಿಣಮಿಸುವುದೆಂಬ ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಉಪಯೋಗವಿದೆ.

ಮೈಸೂರು ಸಂಸ್ಥಾನದಲ್ಲಿ ಮಣ್ಣಿನ ಶಾಸ್ತ್ರೀಯ ಪರೀಕ್ಷೆಗೆ ತಳಹದಿ ಬಿದ್ದುದು 1899ರಲ್ಲಿ. ಆಗ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗಕ್ಷೇತ್ರಕ್ಕಾಗಿ ದಯಪಾಲಿಸಿದರು. ಡಾಕ್ಟರ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣು ಮತ್ತು ಬೆಳೆಗಳ ಪರೀಕ್ಷೆಯನ್ನು ಆರಂಭಿಸಿದರು. 1908ರಲ್ಲಿ ಕೆನಡಾ ದೇಶದ ಡಾಕ್ಟರ್ ಕೋಲ್ಮನ್ ಸಂಸ್ಥಾನದ ಸೇವೆಗೆ ಬಂದರು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆಯೂ ಆರಂಭವಾಯಿತು. ಅಡಕೆಯ ಕೊಳೆರೋಗದ ವಿಷಯದಲ್ಲಿ ಕೋಲ್ಮನ್ನರು ಮಾಡಿದ ಉಪಕಾರವನ್ನು ಮಲೆನಾಡಿಗರು ಬಲ್ಲರು.

ಇದೇ ಕಾಲದಲ್ಲಿ ಯೂರೋಪಿನಲ್ಲಿ ಪ್ರಪಂಚದ ಬೇಸಾಯವನ್ನೇ ಬದಲಾಯಿಸಿದ ಸಂಗತಿಯೊಂದು ನಡೆಯಿತು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಭಾಗ ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಉಣ್ಣಲಾರವು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಎಂಬಾತನು ಗಾಳಿಯ ಸಾರಜನಕವನ್ನೂ ಜಲಜನಕವನ್ನೂ ಹೆಚ್ಚಿನ ಒತ್ತಡದಲ್ಲಿ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದನು. 1913ರಲ್ಲಿ ಕಾರ್ಲ್ ಬಾಷನ ನೇತೃತ್ವದಲ್ಲಿ ಓಪ್ಪೌ ಎಂಬಲ್ಲಿ ಅದರ ಕಾರ್ಖಾನೆ ಕೆಲಸಮಾಡತೊಡಗಿತು. ಅಲ್ಲಿಯವರೆಗೆ ಸಾರಜನಕವೆಂದರೆ ದನ, ಕುರಿ, ಹುರುಳಿ, ಹಿಂಡಿ, ಪೆಟ್ಲುಪ್ಪು ಎಂದಿತ್ತು. ಅಂದಿನಿಂದ ಅದು ಕಾರ್ಖಾನೆಯ ಪದಾರ್ಥವಾಯಿತು.

ಈ ವಿದ್ಯೆಯು ನಮ್ಮ ನಾಡಿಗೆ ಬಂದಾಗ ಅದನ್ನು ಮುಂದಾಗಿ ಬರಮಾಡಿಕೊಂಡವುಗಳಲ್ಲಿ ಎರಡು ದೇಶೀಯ ಸಂಸ್ಥಾನಗಳಿದ್ದವೆಂಬುದು ನಮಗೆ ಅಭಿಮಾನದ ವಿಷಯ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್ ಎಂಬ ಕಂಪೆನಿಯು ಸ್ಥಾಪಿತವಾಗಿ, ಅಮೋನಿಯಾ ತಯಾರಿಸಿ ಅದರಿಂದ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನು ಮಾಡತೊಡಗಿತು. ತಿರುವಾಂಕೂರಿನಲ್ಲಿ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರರ ಕಾಲದಲ್ಲಿ, 1943ರಲ್ಲಿ, ಫ್ಯಾಕ್ಟ್ ಎಂಬ ಕಂಪೆನಿಯು ರಚಿತವಾಗಿ 1947ರಲ್ಲಿ ಆಲುವಾದ ಬಳಿ ಕೆಲಸವನ್ನಾರಂಭಿಸಿತು. ಈ ಎರಡನೆಯ ಕಾರ್ಖಾನೆಯ ವಿಚಿತ್ರವೇನೆಂದರೆ, ಅಲ್ಲಿ ಕಲ್ಲಿದ್ದಲು ಹತ್ತಿರದಲ್ಲಿ ಇಲ್ಲದಿದ್ದುದರಿಂದ ಅಮೋನಿಯಾಕ್ಕೆ ಬೇಕಾದ ಜಲಜನಕವನ್ನು ಸೌದೆಯಿಂದ ಹುಟ್ಟಿಸಿದ ಅನಿಲದಿಂದ ಪಡೆಯುತ್ತಿದ್ದರು. ಕಾಡಿನ ಮರವು ಒಲೆಯಲ್ಲಿ ಬೆಂದು, ಗಾಳಿಯ ಸಾರಜನಕವನ್ನು ಹಿಡಿದು, ಭತ್ತದ ಗದ್ದೆಯ ಗೊಬ್ಬರವಾಯಿತು. ಮರದ ಇಂಗಾಲವು ಮಾತ್ರ ಗದ್ದೆಗೆ ಬರಲಿಲ್ಲ. ಅದು ಕೊಳವೆಯಿಂದ ಆಕಾಶಕ್ಕೆ ಹೋಯಿತು.

ಇತ್ತ ಮೈಸೂರಿನಲ್ಲಿಯೇ ಮರದ ಇಂಗಾಲವನ್ನು ಉಳಿಸುವ ದೊಡ್ಡ ಉದ್ಯಮವೊಂದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಸೇರಿಹೋಗಿರುವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ಅಲ್ಲಿ ಅದಿರನ್ನು ಕರಗಿಸುತ್ತಿದ್ದುದು ಮಲೆನಾಡಿನ ಮರದ ಇದ್ದಿಲಿನಿಂದ. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲನ್ನೂ, ಹೊಗೆಯನ್ನು ತಂಪುಮಾಡಿ ಮರದ ಮದ್ಯಸಾರ, ಟಾರು ಮೊದಲಾದ ಉಪವಸ್ತುಗಳನ್ನೂ ಪಡೆಯುವ ಯಂತ್ರಸ್ಥಾವರವು ಅಲ್ಲಿ ಇತ್ತು. ಇಂದು ವಿಜ್ಞಾನಿಗಳು ಬಯೋಚಾರ್ ಎಂದು ಕರೆಯುವ ವಸ್ತುವು ಹುಟ್ಟುವ ಕ್ರಮವೂ ಇದೇ.

ಹೀಗೆ ಒಂದೇ ಸಂಸ್ಥಾನದಲ್ಲಿ, ಒಂದೇ ತಲೆಮಾರಿನಲ್ಲಿ, ಭದ್ರಾವತಿಯಲ್ಲಿ ಇದ್ದಿಲೂ ಬೆಳಗೊಳದಲ್ಲಿ ಸಾರಜನಕವೂ ತಯಾರಾಗುತ್ತಿದ್ದವು. ಇದ್ದಿಲು ಕುಲುಮೆಗೆ ಹೋಯಿತು. ಸಾರಜನಕವು ನೀರಿದ್ದ ಹೊಲಗದ್ದೆಗಳ ದಾರಿ ಹಿಡಿಯಿತು. ಎರಡನ್ನೂ ಹಂಗಳದಂತಹ ಬೆದ್ದಲು ಭೂಮಿಯಲ್ಲಿ ಕೂಡಿಸುವ ಯೋಚನೆ ಅಂದು ಬಲವಾಗಿ ಹುಟ್ಟಲಿಲ್ಲ. ಇದಕ್ಕೆ ಅಜ್ಞಾನವೇ ಕಾರಣವೆಂದು ಹೇಳುವಂತಿಲ್ಲ. ಇದ್ದಿಲು ತನ್ನ ಗಾತ್ರದ 90 ಪಟ್ಟು ಅಮೋನಿಯಾ ಅನಿಲವನ್ನು ಹೀರಬಲ್ಲುದೆಂದು ಜಿನೀವಾ ನಗರದ ಸೊಸ್ಯೂರ್ 19ನೆಯ ಶತಮಾನದ ಆದಿಯಲ್ಲಿಯೇ ಅಳೆದಿದ್ದನು. 1840ರಲ್ಲಿ ಪ್ರಕಟವಾದ ಲೀಬಿಗನ ಪ್ರಸಿದ್ಧ ಗ್ರಂಥದಲ್ಲಿಯೂ ಇದ್ದಿಲಿನ ಪುಡಿಯಲ್ಲಿ ಗಿಡ ಬೆಳೆಸುವ ಮಾತು ಬಂದಿದೆ. ತಿಳಿವಳಿಕೆ ಇತ್ತು; ಆದರೆ ಕಬ್ಬಿಣದ ಇಲಾಖೆಯವರೂ ಗೊಬ್ಬರದ ಕಂಪೆನಿಯವರೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಪ್ರಮೇಯ ಬರಲಿಲ್ಲ. ಇಂಗಾಲ ಸಾರಜನಕಗಳನ್ನು ಬುದ್ಧಿಪೂರ್ವಕವಾಗಿ ಕೂಡಿಸಿದ ಕೆಲಸವೊಂದು ನಮ್ಮಲ್ಲಿ ನಡೆದುದು ಬೇರೊಂದು ಕಡೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನವದು. ಊರಿನ ಕಸವನ್ನೂ ಮಲವನ್ನೂ ಗುಣಿಗಳಲ್ಲಿ ಪದರಪದರವಾಗಿ ಮುಚ್ಚಿ ಕೊಳೆಸುವ ಈ ಕ್ರಮಕ್ಕೆ ಇಂದಿಗೂ ಬೆಂಗಳೂರು ವಿಧಾನವೆಂದೇ ಹೆಸರು.

ಸ್ವಾತಂತ್ರ್ಯಾನಂತರದ ಕಥೆ ಎಲ್ಲರಿಗೂ ತಿಳಿದುದು. 1951ರಲ್ಲಿ ಸಿಂದ್ರಿಯ ಸರ್ಕಾರಿ ಕಾರ್ಖಾನೆ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಅಮೋನಿಯಂ ಸಲ್ಫೇಟಿನ ಸ್ಥಾನವನ್ನು ಯೂರಿಯಾ ಆಕ್ರಮಿಸಿತು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 21 ಪಾಲು ಸಾರಜನಕ, ಎರಡನೆಯದರಲ್ಲಿ 46. ದೇಶದ ಹಸಿವನ್ನು ಹಿಂಗಿಸುವುದರಲ್ಲಿ ಈ ಬಿಳಿಯ ಹರಳುಗಳ ಪಾತ್ರ ಹಿರಿದು. ಅದನ್ನು ಅಲ್ಲಗಳೆಯುವವರ ಪಂಕ್ತಿಗೆ ನಾವು ಸೇರಿದವರಲ್ಲ. ಆದರೆ ಇಂಗಾಲವಿಲ್ಲದೆ ಬಂದ ಸಾರಜನಕವು ಹಗುರವಾದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಯೂರಿಯಾ ನೆಲಕ್ಕೆ ಬಿದ್ದ ಕೆಲವು ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಒಂದು ಪಾಲು ಗಾಳಿಗೆ ಹಾರುತ್ತದೆ. ಉಳಿದುದು ಕೆಲವು ವಾರಗಳಲ್ಲಿ ನೈಟ್ರೇಟಾಗಿ, ಜೋರು ಮಳೆ ಬಂದರೆ ಬೇರಿಗೆ ಸಿಕ್ಕದ ಆಳಕ್ಕೆ ಇಳಿದುಹೋಗುತ್ತದೆ. ಪ್ರಪಂಚದ ಒಟ್ಟು ಲೆಕ್ಕದಲ್ಲಿ, ಹಾಕಿದ ಸಾರಜನಕದ ಅರ್ಧದಷ್ಟೂ ಬೆಳೆಗೆ ದಕ್ಕುವುದಿಲ್ಲವೆಂದು ಬಲ್ಲವರ ಅಂದಾಜು. ಅಮೋನಿಯಂ ಗೊಬ್ಬರವನ್ನೇ ವರ್ಷಾನುಗಟ್ಟಲೆ ಹಾಕಿದರೆ ಮಣ್ಣು ಹುಳಿಯಾಗುವುದೆಂಬುದನ್ನು 1876ರಲ್ಲಿ ತೊಡಗಿದ ಇಂಗ್ಲೆಂಡಿನ ವೋಬರ್ನ್ ಪ್ರಯೋಗವು ತೋರಿಸಿತು. ನಮ್ಮ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ಕೆಂಪು ಮಣ್ಣಿನ ಮೇಲೆ ರಾಗಿಯ ದೀರ್ಘಕಾಲದ ಪ್ರಯೋಗ ನಡೆದಿದೆ. ಬರಿಯ ರಾಸಾಯನಿಕ ಗೊಬ್ಬರದ ಮಡಿಗಳಲ್ಲಿ ಇಳುವರಿಯು ಕಾಲಕ್ರಮದಲ್ಲಿ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಕೂಡಿಸಿ ಹಾಕಿದ ಮಡಿಗಳಲ್ಲಿ ನಿಂತಿತು.

ಹಾಗಾದರೆ ಹಂಗಳದವರು ಕೊಟ್ಟಿಗೆ ಗೊಬ್ಬರವನ್ನೇ ಹಾಕಿಕೊಳ್ಳಬಾರದೆ, ದನಗಳಿಗೇನು ಕೊರತೆ ಎಂದು ಕೇಳಬಹುದು. ಇಲ್ಲಿಯೇ ಈ ಚರಿತ್ರೆಯ ಮುಖ್ಯ ತಿರುವು ಇರುವುದು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಮಂಜು ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ಪ್ರಪಂಚದ ಪೇಟೆಯಲ್ಲಿ ಕಾಫಿಯ ಬೆಲೆ ಏರಿತು. ಗುಂಡ್ಲುಪೇಟೆಯಿಂದ ಕಾಡಿನ ಆಚೆಗಿರುವ ವಯನಾಡಿನಂತಹ ಕಾಫಿಯ ಸೀಮೆಗಳಲ್ಲಿ ತೋಟದವರ ಕೈಯಲ್ಲಿ ಹಣ ಓಡಾಡಿತು. ಅವರಿಗೆ ಗೊಬ್ಬರ ಬೇಕಾಯಿತು. ಬಂಡೀಪುರದ ಅಂಚಿನ ಊರುಗಳ ಸಗಣಿಯು ಅಂದಿನಿಂದ ಮನೆಯ ಸಾಮಗ್ರಿಯಾಗಿ ಉಳಿಯದೆ ಮಾರಾಟದ ಸರಕಾಗಿ, ಲಾರಿ ಹತ್ತಿ ಕಾಫಿಯ ನಾಡಿಗೆ ಹೋಗತೊಡಗಿತು. ಎಂ. ಡಿ. ಮಧುಸೂದನ್ ಎಂಬ ಪರಿಸರವಿಜ್ಞಾನಿಗಳು ಈ ಸಂಬಂಧವನ್ನು ಸ್ಥಳದಲ್ಲಿ ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಲೇಖನವು ನಮ್ಮ ಕಾಲದ ಆರ್ಥಿಕ ಚರಿತ್ರೆಯನ್ನು ಬರೆಯುವವರು ಅವಶ್ಯವಾಗಿ ನೋಡಬೇಕಾದುದು. ಸಾವಿರಾರು ಮೈಲಿ ದೂರದ ಒಂದು ರಾತ್ರಿಯ ಚಳಿಯು ಬಂಡೀಪುರದಲ್ಲಿ ಮೇಯುವ ದನಗಳ ಬೆಲೆಯನ್ನು ಬದಲಾಯಿಸಿತು. ದನವನ್ನು ಹಾಲಿಗಾಗಲಿ ಉಳುಮೆಗಾಗಲಿ ಅಲ್ಲದೆ ಸಗಣಿಗಾಗಿಯೇ ಸಾಕಿದರೂ ಲಾಭವೆಂಬ ಸ್ಥಿತಿಯುಂಟಾಯಿತು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾಡು, ದನ, ಹೊಲ ಎಂಬ ಹಳೆಯ ಸರಪಳಿಯಲ್ಲಿ ಮೊದಲಿನ ಎರಡು ಕೊಂಡಿಗಳು ಉಳಿದು ಮೂರನೆಯದು ಕಳಚಿತು. ಕಾಡು ಮೇವನ್ನು ಕೊಡುತ್ತಲೇ ಇತ್ತು. ಹೊಲಕ್ಕೆ ಬರಬೇಕಾದುದು ತೋಟಕ್ಕೆ ಹೋಯಿತು. ಹೊಲದ ಖಾಲಿ ಜಾಗವನ್ನು ಯೂರಿಯಾದ ಚೀಲ ತುಂಬಿತು. ರೈತನನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಮಾರಿದರೆ ಒಡನೆಯೇ ಕೈಗೆ ಹಣ ಕೊಡುವ ಸಗಣಿಯ ಎದುರಿಗೆ, ಸರ್ಕಾರದ ಸಹಾಯಧನದಿಂದ ಬೆಲೆ ಇಳಿಸಿದ ಯೂರಿಯಾ ಇತ್ತು. 2018ರಲ್ಲಿ 50 ಕಿಲೋ ಚೀಲವು 45 ಕಿಲೋಗೆ ಇಳಿದಾಗ, ತೆರಿಗೆ ಮತ್ತು ಬೇವಿನ ಲೇಪದ ಖರ್ಚನ್ನು ಬಿಟ್ಟು ಅದರ ಬೆಲೆ 242 ರೂಪಾಯಿ. ಒಂದು ಗಾಡಿ ಗೊಬ್ಬರವನ್ನು ತುಂಬಿ, ಸಾಗಿಸಿ, ಹರಡುವ ಕೂಲಿಯನ್ನು ಲೆಕ್ಕಹಾಕಿದವನು ಯಾವುದನ್ನು ಆರಿಸಿಕೊಂಡಾನು? ಬೇವು ಲೇಪಿಸಿದ ಯೂರಿಯಾವನ್ನೇ ಮಾರಬೇಕೆಂದು 2015ರಲ್ಲಿ ವಿಧಿಸಿದ್ದು ಒಳ್ಳೆಯದೇ ಆಯಿತು. ಬೇವು ನೈಟ್ರೇಟಾಗುವುದನ್ನು ಸ್ವಲ್ಪ ನಿಧಾನಗೊಳಿಸುತ್ತದೆ. ಆದರೆ ಅದೂ ಇಂಗಾಲವನ್ನು ತರುವುದಿಲ್ಲ.

ಈ ಸ್ಥಿತಿಯಲ್ಲಿ ಇದ್ದಿಲಿನ ವಿಚಾರವು ಮತ್ತೆ ಬಂದಿದೆ. ಬಂದುದು ದಕ್ಷಿಣ ಅಮೆರಿಕದಿಂದ. ಅಮೆಜಾನ್ ನದಿಯ ಸೀಮೆಯಲ್ಲಿ ಮಣ್ಣು ಸಾಮಾನ್ಯವಾಗಿ ಸತ್ತ್ವಹೀನವಾದುದು. ಆದರೆ ಪೂರ್ವಕಾಲದ ಜನವಸತಿಗಳಿದ್ದ ಕಡೆ ಅಲ್ಲಲ್ಲಿ ಕಡುಗಪ್ಪಾದ, ಬಹು ಫಲವತ್ತಾದ ಮಣ್ಣು ಕಾಣಸಿಗುತ್ತದೆ. ಡಚ್ ವಿಜ್ಞಾನಿ ಸೋಂಬ್ರೂಕ್ 1966ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಅಲ್ಲಿನ ಮೂಲನಿವಾಸಿಗಳು ಶತಮಾನಗಳ ಹಿಂದೆ ಒಲೆಯ ಇದ್ದಿಲು, ಮೂಳೆ, ಕಸ ಮುಂತಾದವನ್ನು ನೆಲಕ್ಕೆ ಸೇರಿಸಿದ್ದರ ಫಲವಿದು. ಇದನ್ನು ಮುಂದೆ ಪರೀಕ್ಷಿಸಿ ಜಗತ್ತಿಗೆ ಸಾರಿದವರಲ್ಲಿ ಮುಖ್ಯರಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ಹೆಸರೂ ಲೇಮನ್! ಹೆಬ್ಬಾಳದ ಲೇಮನ್ನರ ಹೆಸರಿನೊಂದಿಗೆ ಈ ಹೊಂದಿಕೆಯು ಕಾಕತಾಳೀಯ. ನಮಗೆ ಮಾತ್ರ ಬಹಳ ರುಚಿಸಿತು.

ಇದ್ದಿಲಿಗೂ ಬೂದಿಗೂ ಇರುವ ಭೇದವನ್ನು ಇಲ್ಲಿ ಹೇಳಿಬಿಡಬೇಕು. ಬಯಲಿನಲ್ಲಿ ಕಸ ಸುಟ್ಟರೆ ಉಳಿಯುವುದು ಬೂದಿ. ಅದರಲ್ಲಿ ಸುಣ್ಣ, ಪೊಟ್ಯಾಷುಗಳಿವೆ. ಇಂಗಾಲವೂ ಸಾರಜನಕವೂ ಹೊಗೆಯಲ್ಲಿ ಹೋಗಿರುತ್ತವೆ. ಕಾಡು ಕಡಿದು ಸುಡುವ ಕುಮರಿ ಬೇಸಾಯದ ಫಲವು ಒಂದೆರಡು ವರ್ಷಗಳಲ್ಲಿ ಮುಗಿಯುತ್ತಿದ್ದುದು ಬಹುಮಟ್ಟಿಗೆ ಇದರಿಂದಲೇ. ಗಾಳಿಯನ್ನು ಕಟ್ಟಿ ಬೇಯಿಸಿದರೆ ಉಳಿಯುವುದು ಇದ್ದಿಲು. ಅದರ ಇಂಗಾಲವು ಮಣ್ಣಿನಲ್ಲಿ ನೂರಾರು ವರ್ಷ ಇರಬಲ್ಲುದು. ಅದರ ಮೈಯೆಲ್ಲ ಸೂಕ್ಷ್ಮ ರಂಧ್ರಗಳು. ನೀರು ಅಲ್ಲಿ ತಂಗುತ್ತದೆ, ಅಮೋನಿಯಂ ಅಂಟಿಕೊಳ್ಳುತ್ತದೆ.

ಆದರೆ ಇದ್ದಿಲು ಗೊಬ್ಬರವಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೊಸ ವಸ್ತು ಬಂದಾಗಲೆಲ್ಲ ಅದೇ ಸರ್ವರೋಗಪರಿಹಾರಿಯೆಂದು ಮಾರುವವರು ನಮ್ಮಲ್ಲಿ ಹೇರಳ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಮೂಲಂಗಿಯ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿದೆ. ಕುಂಡಗಳಲ್ಲಿ ನಡೆದ ಆ ಪ್ರಯೋಗದಲ್ಲಿ ಸಾರಜನಕವಿಲ್ಲದೆ ಹೆಕ್ಟೇರಿಗೆ 100 ಟನ್ನಿನ ಪ್ರಮಾಣದಲ್ಲಿ ಇದ್ದಿಲು ಸೇರಿಸಿದರೂ ಬೆಳೆ ಹೆಚ್ಚಲಿಲ್ಲ. ಸಾರಜನಕವನ್ನು ಮಾತ್ರ ಹಾಕಿದಾಗ ನೂರಕ್ಕೆ 95ರಷ್ಟು ಹೆಚ್ಚಿತು. ಎರಡನ್ನೂ ಕೂಡಿಸಿದಾಗ 266ರವರೆಗೆ ಏರಿತು. ಇದ್ದಿಲು ಪಾತ್ರೆ, ಸಾರಜನಕವು ಅನ್ನ. ಬರಿಯ ಹೊಸ ಇದ್ದಿಲನ್ನು ಹೊಲಕ್ಕೆ ಸುರಿದರೆ ಅದು ಮಣ್ಣಿನಲ್ಲಿದ್ದ ಅಲ್ಪ ಸಾರಜನಕವನ್ನೂ ಹಿಡಿದಿಟ್ಟುಕೊಂಡು ಬೆಳೆಯನ್ನು ಕೆಲವು ಕಾಲ ಹಳದಿಯಾಗಿಸುವುದೂ ಉಂಟು. ಸಾರಯುತವಾದ ಶೀತದೇಶದ ಹೊಲಗಳಲ್ಲಿ ಇದರಿಂದ ಹೇಳಿಕೊಳ್ಳುವ ಲಾಭವಿಲ್ಲವೆಂದೂ, ಉಷ್ಣದೇಶಗಳ ಬಡ ಮಣ್ಣಿನಲ್ಲಿ ಸರಾಸರಿ ನೂರಕ್ಕೆ 25ರಷ್ಟು ಇಳುವರಿ ಹೆಚ್ಚುವುದೆಂದೂ ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ 2017ರ ಲೇಖನವೊಂದು ತಿಳಿಸುತ್ತದೆ. ಇದ್ದಿಲು ಸಾಮಾನ್ಯವಾಗಿ ಕ್ಷಾರಗುಣದ್ದು. ಆದಕಾರಣ ಹುಳಿಯೇರಿದ ಕೆಂಪು ಮಣ್ಣಿಗೆ ಅದು ಹಿತ. ಮೊದಲೇ ಕ್ಷಾರವಾಗಿರುವ ಎರೆಗೆ ಅದರ ಅಗತ್ಯ ಕಡಮೆ.

ಇನ್ನು ಸೌದೆಯ ಪ್ರಶ್ನೆ. ವೋಲ್ಕರರ ಮಾತು ಇಲ್ಲಿ ಮರಳಿ ಬರುತ್ತದೆ. ಪ್ರಯೋಗಗಳಲ್ಲಿ ಸಾಮಾನ್ಯವಾದ ಹೆಕ್ಟೇರಿಗೆ 10 ಟನ್ನಿನ ಪ್ರಮಾಣವನ್ನು ಹಿಡಿದರೆ ಎಕರೆಗೆ 4 ಟನ್ ಇದ್ದಿಲಾಯಿತು. ಒಣ ಸೌದೆಯ ತೂಕದಲ್ಲಿ ಕಾಲುಭಾಗದಷ್ಟು ಇದ್ದಿಲು ಸಿಕ್ಕುವುದೆಂದು ಇಟ್ಟುಕೊಂಡರೆ ಒಂದು ಎಕರೆಗೆ 16 ಟನ್ ಸೌದೆ! ಹಂಗಳದ ರೈತನು ಇದನ್ನು ಎಲ್ಲಿಂದ ತಂದಾನು? ಕಣ್ಣೆದುರಿಗೆ ಬಂಡೀಪುರವಿದೆ. 19ನೆಯ ಶತಮಾನದ ಆದಿಯಲ್ಲಿ ಅಲಂಕಾರದ ಗಿಡವಾಗಿ ಈ ದೇಶಕ್ಕೆ ಬಂದ ಲಂಟಾನವು ಈ ಕಾಡಿನೊಳಗೆ ಹಬ್ಬಿ ಹುಲ್ಲಿನ ಜಾಗವನ್ನೆಲ್ಲ ನುಂಗಿದೆ. ಅದನ್ನು ಕಡಿದು ಇದ್ದಿಲು ಮಾಡಬಹುದೆಂಬ ಸಲಹೆಯು ಕೇಳುವುದಕ್ಕೆ ಇಂಪಾಗಿದೆ. ಆದರೆ ಬಂಡೀಪುರವು ವೇಣುಗೋಪಾಲ ವನ್ಯಮೃಗವನದಿಂದ ಬೆಳೆದು, 1973ರಲ್ಲಿ ಹುಲಿ ಯೋಜನೆಗೆ ಸೇರಿದ ರಕ್ಷಿತಾರಣ್ಯ. ಅಲ್ಲಿಂದ ಯಾವ ಪದಾರ್ಥವನ್ನಾದರೂ ಹೊರಕ್ಕೆ ತರುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ಬಿಗಿಯಾದ ಕಟ್ಟುಗಳಿವೆ. ಅದಲ್ಲದೆ ಸಗಣಿಯ ಕಥೆಯನ್ನು ನೋಡಿದ ಮೇಲೆ ನಮಗೆ ಇನ್ನೊಂದು ಶಂಕೆಯೂ ಇದೆ. ಕಾಡಿನ ವಸ್ತುವಿಗೆ ಒಮ್ಮೆ ಪೇಟೆಯ ಬೆಲೆ ಹತ್ತಿದರೆ ಲಂಟಾನದ ಹೊರೆಯೊಳಗೆ ದಿಂಡಿಗ ಮತ್ತಿಗಳ ಕೊಂಬೆಯೂ ಸೇರಿ ಬರುವುದಿಲ್ಲವೆಂದು ಯಾರು ಹೊಣೆ?

ಆದುದರಿಂದ ದೊಡ್ಡ ಪ್ರಮಾಣವನ್ನು ಬಿಟ್ಟು ಚಿಕ್ಕದನ್ನು ಹಿಡಿಯುವುದೇ ಲೇಸೆಂದು ನಮಗೆ ತೋರುತ್ತದೆ. ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಕುಂಬಳದ ಪ್ರಯೋಗವೊಂದರಲ್ಲಿ, ದನದ ಗಂಜಳದಲ್ಲಿ ನೆನೆಸಿದ ಇದ್ದಿಲನ್ನು ಹೊಲಕ್ಕೆಲ್ಲ ಚೆಲ್ಲದೆ ಬೇರಿನ ಬಳಿ ಮಾತ್ರ ಇಟ್ಟರು. ಹೆಕ್ಟೇರಿಗೆ ಹಿಡಿದದ್ದು 750 ಕಿಲೋ ಮಾತ್ರ. ಇಳುವರಿಯು ಗಂಜಳವನ್ನಷ್ಟೇ ಹಾಕಿದ ಮಡಿಗಿಂತ ಹಲವು ಪಟ್ಟು ಬಂದಿತು. ಒಂದು ಪ್ರಯೋಗವನ್ನು ನಂಬಿ ಎಲ್ಲೆಡೆಯೂ ಹೀಗೆಯೇ ಆಗುವುದೆಂದು ಹೇಳಲಾಗದು. ಆದರೂ ಲೆಕ್ಕವನ್ನು ನೋಡಿ: ಎಕರೆಗೆ 300 ಕಿಲೋ ಇದ್ದಿಲು, ಎಂದರೆ ಒಂದು ಟನ್ನಿಗೆ ಸ್ವಲ್ಪ ಮೇಲ್ಪಟ್ಟ ಕಡ್ಡಿಕಸ. ಇಷ್ಟಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಹತ್ತಿಯ ಕಡ್ಡಿ, ತೆಂಗಿನ ಚಿಪ್ಪು, ಬೇಲಿಯ ಸವರು, ಬದುವಿನ ಮೇಲೆ ತಾನಾಗಿ ಹಬ್ಬಿದ ಲಂಟಾನ ಇವೇ ಸಾಕು. ಅರಿಶಿನ ಬೆಳೆಯುವ ಈ ಸೀಮೆಯಲ್ಲಿ ಗೆಡ್ಡೆ ಬೇಯಿಸುವ ಕೊಪ್ಪರಿಗೆಯ ಒಲೆ ಉಂಟು. ಕಬ್ಬಿದ್ದ ಕಡೆ ಆಲೆಮನೆಯ ಒಲೆ ಉಂಟು. ಉರಿ ಮುಗಿಯುತ್ತಲೇ ಕೆಂಡವನ್ನು ಬೂದಿಯಾಗಬಿಡದೆ ನೀರು ಚಿಮುಕಿಸಿ ಆರಿಸಿದರೆ ಅದೇ ಇದ್ದಿಲು. ಅದನ್ನು ಪುಡಿಮಾಡಿ ಕೊಟ್ಟಿಗೆಯ ಗಂಜಳದ ಗುಂಡಿಗೆ ಹಾಕಿ, ಕೆಲವು ವಾರ ನೆನೆದ ಮೇಲೆ ಮನೆಯಲ್ಲಿ ಉಳಿದಷ್ಟು ಗೊಬ್ಬರದೊಂದಿಗೆ ಬೆರಸಿ ಅರಿಶಿನದ ಸಾಲಿಗೆ ಕೊಡಬಹುದು. ಯೂರಿಯಾವನ್ನು ಹೊಸ ಇದ್ದಿಲಿನೊಂದಿಗೆ ಮೇಲುಮಣ್ಣಿನಲ್ಲಿಯೇ ಬೆರಸಿ ಬಿಡಬಾರದು. ಕ್ಷಾರದ ಸಂಗದಿಂದ ಅಮೋನಿಯಾ ಹಾರಿಹೋಗುವುದು. ಇದ್ದಿಲು ಮೊದಲು ನೆಲ ಸೇರಲಿ. ಯೂರಿಯಾವನ್ನು ಎರಡು ಮೂರು ಕಂತುಗಳಲ್ಲಿ, ಹಸಿಯಿದ್ದಾಗ, ಮಣ್ಣು ಮುಚ್ಚಿ ಕೊಡಬೇಕು. ಮೊದಲ ವರ್ಷ ಹೊಲವೆಲ್ಲವನ್ನೂ ಇದಕ್ಕೆ ಒಡ್ಡದೆ, ಒಂದೇ ಹೊಲದಲ್ಲಿ ಇದ್ದಿಲು ಹಾಕಿದ ನಾಲ್ಕು ಸಾಲು, ಹಾಕದ ನಾಲ್ಕು ಸಾಲು ಬಿಟ್ಟು, ಗೆಡ್ಡೆ ಕಿತ್ತಾಗ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡತಕ್ಕದ್ದು.